ಅಂಗಡಿಗೂ ಬೇಕು ವಾರದ ಸಭೆ

ನಿಮ್ಮ ಮನೆಯಲ್ಲಿ ವ್ಯಾಪಾರದ ಮಾತು ಯಾವಾಗ ನಡೆಯುತ್ತದೆ? ಹೆಚ್ಚಿನ ಮನೆಗಳಲ್ಲಿ ಅದಕ್ಕೆಂದೇ ಒಂದು ಹೊತ್ತು ಇರುವುದಿಲ್ಲ. ರಾತ್ರಿ ಊಟದ ತಟ್ಟೆಯ ಮುಂದೆ ಅರ್ಧ ಮಾತು, ಬೆಳಿಗ್ಗೆ ಬೈಕು ಹತ್ತುವಾಗ ಇನ್ನರ್ಧ ಮಾತು. ಉಳಿದದ್ದೆಲ್ಲ ಫೋನಿನಲ್ಲಿ. ನೀವು ರೊಟ್ಟಿ ಬಡಿಸುತ್ತಾ ಕೇಳಿಸಿಕೊಂಡದ್ದೆಷ್ಟೋ ಅಷ್ಟೇ ನಿಮ್ಮ ಪಾಲಿಗೆ.

ಇಂಥ ಅರೆಬರೆ ಮಾತುಗಳಲ್ಲೇ ದೊಡ್ಡ ದೊಡ್ಡ ತೀರ್ಮಾನಗಳೂ ಆಗಿಬಿಡುತ್ತವೆ. ಭತ್ತ ಕೊಳ್ಳುವ ತೀರ್ಮಾನ ಒಬ್ಬರದು, ಸಾಲ ತರುವ ತೀರ್ಮಾನ ಇನ್ನೊಬ್ಬರದು, ಉದ್ರಿ ಕೊಡುವ ತೀರ್ಮಾನ ಗಲ್ಲಾದಲ್ಲಿ ಕುಳಿತ ಮಗನದು. ತಿಂಗಳ ಕೊನೆಗೆ ಹಣ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಆಗ ಶುರುವಾಗುವ ಜಗಳ ಅಂಗಡಿಯಲ್ಲಿ ನಿಲ್ಲದೆ ಅಡುಗೆಮನೆಯ ಬಾಗಿಲಿಗೆ ಬರುತ್ತದೆ. ಅಣ್ಣತಮ್ಮಂದಿರ ಲೆಕ್ಕ ತಪ್ಪಿದರೆ ವಾರಗಿತ್ತಿಯರ ಮಾತು ನಿಲ್ಲುತ್ತದೆ.

ದೊಡ್ಡ ಕಂಪೆನಿಗಳಲ್ಲಿ ಇದನ್ನು ತಪ್ಪಿಸಲು ಒಂದು ಪದ್ಧತಿಯಿದೆ. ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ಜವಾಬ್ದಾರಿ ಹೊತ್ತವರೆಲ್ಲ ಒಂದೆಡೆ ಕೂರುತ್ತಾರೆ. ಕಳೆದ ವಾರದ ಕೆಲಸ ನೋಡುತ್ತಾರೆ, ಬರುವ ವಾರದ ಕೆಲಸ ಹಂಚಿಕೊಳ್ಳುತ್ತಾರೆ. ಅಂಥ ಒಂದು ಗಂಟೆ ನಮ್ಮ ಸಣ್ಣ ವ್ಯಾಪಾರಕ್ಕೂ ಬೇಕು. ಆ ಗಂಟೆಯಲ್ಲಿ ನಿಮಗೂ ಒಂದು ಜಾಗ ಇರಬೇಕು.

ನಮ್ಮ ಎರಡು ಊರುಗಳ ಮಾತು

ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಆ ಹೆಸರು ತಂದುಕೊಟ್ಟ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಸೈರನ್ ಕೂಗಿದಾಗ ಕೆಲಸಕ್ಕೆ ಹೋಗಿ, ತಿಂಗಳಿಗೊಮ್ಮೆ ಸಂಬಳ ತರುವ ಕಾಲ ಬಹಳ ಮನೆಗಳಿಗೆ ಮುಗಿಯಿತು. ಈಗ ಎಷ್ಟೋ ಕುಟುಂಬಗಳಿಗೆ ಮನೆತನದ ವ್ಯಾಪಾರವೇ ಆಸರೆ: ಮಂಡಕ್ಕಿ ಭಟ್ಟಿ, ಬಟ್ಟೆ ಅಂಗಡಿ, ಗ್ಯಾರೇಜು, ವೆಲ್ಡಿಂಗ್ ಶಾಪು, ಹಣ್ಣಿನ ಮಂಡಿ, ಹೋಟೆಲು.

ಮಂಡಕ್ಕಿ ಭಟ್ಟಿಯನ್ನೇ ನೋಡಿ. ಭತ್ತ ತರಬೇಕು, ನೆನೆಸಿ ಬೇಯಿಸಬೇಕು, ಒಣಗಿಸಿ ಅಕ್ಕಿ ಮಾಡಿಸಬೇಕು, ಉಪ್ಪುನೀರು ಬೆರೆಸಿ ಕಾದ ಮರಳಿನಲ್ಲಿ ಹುರಿಯಬೇಕು, ಜರಡಿ ಹಿಡಿದು ಚೀಲ ತುಂಬಬೇಕು. ಮಳೆ ಹಿಡಿದರೆ ಒಣಗಿಸುವ ಕಣ ನಿಲ್ಲುತ್ತದೆ. ಉರುವಲು ತಡವಾದರೆ ಒಲೆ ನಿಲ್ಲುತ್ತದೆ. ಮಂಡಕ್ಕಿ ಹಗುರ, ಆದರೆ ಜಾಗ ಹೆಚ್ಚು ತಿನ್ನುತ್ತದೆ. ಗಾಡಿ ಸಿಗದಿದ್ದರೆ ಚೀಲಗಳು ಅಲ್ಲೇ ರಾಶಿ ಬಿದ್ದು ಮೆತ್ತಗಾಗುತ್ತವೆ. ಇಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಕೊಂಡಿ ಹಾಕಿಕೊಂಡಿದೆ. ಆದರೆ ಎಲ್ಲರೂ ಒಟ್ಟಿಗೆ ಕೂತು ಮಾತಾಡುವುದು ಮದುವೆಯಲ್ಲೋ ಮಯ್ಯತ್‌ನಲ್ಲೋ ಮಾತ್ರ!

ಸಹಿ ಇದೆ, ಜಾಗ ಇಲ್ಲ

ಸಹೋದರಿ, ಈಗ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯ ವ್ಯಾಪಾರದ ಯಾವುದಾದರೂ ಕಾಗದದಲ್ಲಿ ನಿಮ್ಮ ಸಹಿ ಇದೆಯೇ? ಬಹಳಷ್ಟು ಮನೆಗಳಲ್ಲಿ ಇರುತ್ತದೆ. ಹೆಂಡತಿಯ ಹೆಸರಲ್ಲೋ ತಾಯಿಯ ಹೆಸರಲ್ಲೋ ಪಾಲು ಇಟ್ಟಿರುತ್ತಾರೆ. "ಇಲ್ಲಿ ಒಂದು ಸಹಿ ಹಾಕು" ಎಂದಾಗ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹಾಕಿರುತ್ತೇವೆ. ಆ ಕಾಗದ ಏನು ಹೇಳುತ್ತದೆಂದು ಕೇಳುವುದು ಅಪನಂಬಿಕೆಯಂತೆ ಕಾಣುತ್ತದೆ.

ಆದರೆ ಕಾನೂನು ಹಾಗೆ ನೋಡುವುದಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 25ನೇ ಕಲಮಿನ ಪ್ರಕಾರ, ಒಬ್ಬರು ಪಾಲುದಾರರಾಗಿದ್ದ ಅವಧಿಯಲ್ಲಿ ಸಂಸ್ಥೆ ಮಾಡಿದ ವ್ಯವಹಾರಕ್ಕೆಲ್ಲ ಅವರೂ ಹೊಣೆ. "ನಾನು ಹೆಸರಿಗೆ ಮಾತ್ರ ಇದ್ದೆ" ಎಂದರೆ ಸಾಲ ಕೊಟ್ಟವರು ಬಿಡುವುದಿಲ್ಲ. ಬ್ಯಾಂಕಿನ ಸಾಲಕ್ಕೆ ಜಾಮೀನು ಹಾಕಿದ್ದರೂ ಹಾಗೆಯೇ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಸಾಲಗಾರರಿಗೆ ಎಷ್ಟು ಹೊಣೆಯೋ ಜಾಮೀನುದಾರರಿಗೂ ಅಷ್ಟೇ ಹೊಣೆ.

ಅದೇ ಕಾಯ್ದೆ ಹೊಣೆಯ ಜೊತೆಗೆ ಹಕ್ಕನ್ನೂ ಕೊಟ್ಟಿದೆ. 12ನೇ ಕಲಮನ್ನು ನೋಡಿ. ಪಾಲುದಾರಿಕೆ ಪತ್ರದಲ್ಲಿ ಬೇರೆ ರೀತಿ ಬರೆದುಕೊಂಡಿರದಿದ್ದರೆ, ಪ್ರತಿಯೊಬ್ಬ ಪಾಲುದಾರರೂ ಲೆಕ್ಕದ ಪುಸ್ತಕ ನೋಡಬಹುದು, ಅದರ ಪ್ರತಿ ಮಾಡಿಕೊಳ್ಳಬಹುದು. ದಿನನಿತ್ಯದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ಹೆಚ್ಚು ಜನರ ಮಾತು ನಡೆಯುತ್ತದೆ. ಆದರೆ ತೀರ್ಮಾನಕ್ಕೆ ಮೊದಲು ಪ್ರತಿಯೊಬ್ಬರಿಗೂ ತಮ್ಮ ಅಭಿಪ್ರಾಯ ಹೇಳುವ ಹಕ್ಕಿದೆ. ವ್ಯಾಪಾರದ ಸ್ವರೂಪವನ್ನೇ ಬದಲಾಯಿಸಬೇಕಾದರೆ ಎಲ್ಲರೂ ಒಪ್ಪಬೇಕು. ಆದರೆ ಅಭಿಪ್ರಾಯ ಹೇಳುವುದಾದರೂ ಎಲ್ಲಿ? ಕೂರುವ ಜಾಗವೇ ಇಲ್ಲದಿದ್ದರೆ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ವಾರದ ಸಭೆ ಎಂದರೆ ಆ ಜಾಗ.

ನಮಗಿದು ಹೊಸದೂ ಅಲ್ಲ. ಕುರ್‌ಆನಿನ 42ನೇ ಅಧ್ಯಾಯದ ಹೆಸರೇ ಅಶ್ಶೂರಾ, ಅಂದರೆ ಸಮಾಲೋಚನೆ. ತಮ್ಮ ಕಾರ್ಯಗಳನ್ನು ಪರಸ್ಪರ ಮಶ್ವರಾದಿಂದ ನಡೆಸುವುದು ವಿಶ್ವಾಸಿಗಳ ಗುಣವೆಂದು ಅಲ್ಲಿ ಹೇಳಲಾಗಿದೆ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಆದೇಶ ಅಲ್ ಬಕರಃ ಅಧ್ಯಾಯದ 282ನೇ ವಚನದಲ್ಲಿದೆ. ಕೂತು ಮಾತಾಡುವುದು, ಮಾತಾಡಿದ್ದನ್ನು ಬರೆಯುವುದು: ವಾರದ ಸಭೆಗೆ ಬೇಕಾದದ್ದು ಇವೆರಡೇ.

ಸಂಘದಲ್ಲಿ ಕಲಿತದ್ದು ಎಲ್ಲಿ ಹೋಯಿತು?

"ಸಭೆ ನಡೆಸುವುದೆಲ್ಲ ನಮಗೆಲ್ಲಿ ಬರುತ್ತದೆ?" ಎನ್ನಬೇಡಿ. ಕರ್ನಾಟಕದಲ್ಲಿ ಸಭೆ ನಡೆಸುವುದನ್ನು ಚೆನ್ನಾಗಿ ಬಲ್ಲವರಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳೂ ಇದ್ದಾರೆ. 1980ರ ದಶಕದಲ್ಲಿ ಮೈರಾಡಾ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕಿನೊಂದಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. 2000-01ರಲ್ಲಿ ಸರಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಊರೂರಿನಲ್ಲಿ ಸಂಘಗಳಾದವು.

ಈ ಸಂಘಗಳಿಗೆ ಪಂಚಸೂತ್ರ ಎಂಬ ಐದು ನಿಯಮಗಳಿವೆ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಅಂದಂದಿನ ಲೆಕ್ಕ ಅಂದೇ ಬರೆಯುವುದು. ಸಭೆಯೇ ಮೊದಲ ಸೂತ್ರ ಎಂಬುದನ್ನು ಗಮನಿಸಿ. ಸಭೆ ನಿಂತರೆ ಉಳಿತಾಯ ನಿಲ್ಲುತ್ತದೆ, ಉಳಿತಾಯ ನಿಂತರೆ ಸಾಲ ಮರಳುವುದಿಲ್ಲ, ಸಂಘ ಒಡೆಯುತ್ತದೆ. ಸಂಘದಲ್ಲಿದ್ದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಸಂಘದಲ್ಲಿ ಚಾಪೆ ಹಾಸಿ, ಹಾಜರಿ ಹಿಡಿದು, ಠರಾವು ಬರೆದು, ತಡವಾಗಿ ಬಂದವರಿಗೆ ದಂಡ ಹಾಕುವ ಹೆಣ್ಣುಮಗಳು ತನ್ನದೇ ಮನೆಯ ಭಟ್ಟಿಯ ವಿಷಯ ಬಂದಾಗ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ. ಇಪ್ಪತ್ತು ಹೆಂಗಸರ ಹಣದ ಲೆಕ್ಕ ಇಡಲು ಬರುವವಳಿಗೆ ಮನೆಯ ಅಂಗಡಿಯ ಲೆಕ್ಕ ಬರುವುದಿಲ್ಲವೇ? ಸಂಘದಲ್ಲಿ ಕಲಿತದ್ದನ್ನು ಅಂಗಡಿಗೆ ತನ್ನಿ.

ಯಾರು ಕೂರಬೇಕು, ಯಾವಾಗ?

ಎಲ್ಲರೂ ಕೂರಬೇಕಿಲ್ಲ. ಯಾರ ಕೈಯಲ್ಲಿ ಒಂದು ಜವಾಬ್ದಾರಿ ಇದೆಯೋ ಅವರು ಕೂರಬೇಕು. ಭಟ್ಟಿ ನೋಡಿಕೊಳ್ಳುವವರು, ಹರಿಹರದ ಅಂಗಡಿಯಲ್ಲಿ ಕೂರುವವರು, ಲೆಕ್ಕ ಬರೆಯುವವರು, ಸರಕು ಸಾಗಿಸುವವರು. ಮನೆಯ ಖರ್ಚು ತೂಗಿಸುವವರೂ ಕೂರಬೇಕು. ಗಲ್ಲಾದಿಂದ ಮನೆಗೆ ಎಷ್ಟು ಹಣ ಬರುತ್ತದೆಂಬುದು ವ್ಯಾಪಾರದ ಲೆಕ್ಕವೇ. ನಾಲ್ಕೈದು ಮಂದಿ ಸಾಕು. ಏಳರ ಮೇಲೆ ಹೋದರೆ ಮಾತು ಚದುರುತ್ತದೆ.

ದಿನ ಮತ್ತು ಹೊತ್ತು ಬದಲಾಗಬಾರದು. ಶುಕ್ರವಾರ ಜುಮಾ ಮುಗಿಸಿ, ಊಟವಾದ ಮೇಲೆ ಎಂದಿಟ್ಟುಕೊಂಡರೆ ಬಹಳ ಮನೆಗಳಿಗೆ ಹೊಂದುತ್ತದೆ. ದಾವಣಗೆರೆಗೂ ಹರಿಹರಕ್ಕೂ ಸುಮಾರು 14 ಕಿ.ಮೀ. ಅಷ್ಟೇ, ತಮ್ಮ ಬಂದು ಕೂತು ಸಂಜೆ ವ್ಯಾಪಾರದ ಹೊತ್ತಿಗೆ ಮರಳಬಹುದು. ಒಬ್ಬರು ಬರಲಿಲ್ಲವೆಂದು ಸಭೆ ಮುಂದೂಡಬೇಡಿ. ಬಾರದವರಿಗೆ ಪುಸ್ತಕ ಓದಿ ಹೇಳಿದರಾಯಿತು. ಒಂದು ವಾರ ಬಿಟ್ಟರೆ ಮುಂದಿನ ವಾರವೂ ಬಿಡುವ ಮನಸ್ಸಾಗುತ್ತದೆ.

ಇಂಟೆಲ್ ಕಂಪೆನಿಯನ್ನು ಬಹುಕಾಲ ನಡೆಸಿದ ಆಂಡಿ ಗ್ರೋವ್ 1983ರಲ್ಲಿ ಆಡಳಿತದ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ ಅವರು ಸಭೆಗಳನ್ನು ಎರಡು ಬಗೆಯಾಗಿ ನೋಡುತ್ತಾರೆ: ಗೊತ್ತಾದ ದಿನ ನಡೆಯುವ ಸಭೆ, ಸಮಸ್ಯೆ ಎದುರಾದಾಗ ಕರೆಯುವ ಸಭೆ. ಮೊದಲನೆಯದು ಸರಿಯಾಗಿ ನಡೆದರೆ ಎರಡನೆಯದರ ಅಗತ್ಯ ಕಡಿಮೆಯಾಗುತ್ತದೆಂಬುದು ಅವರ ಅನುಭವ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ವಾರಕ್ಕೊಮ್ಮೆ ಕೂತರೆ ರಾತ್ರಿ ಹನ್ನೆರಡಕ್ಕೆ ಗಾಬರಿಯಿಂದ ಎಲ್ಲರನ್ನೂ ಎಬ್ಬಿಸುವುದು ತಪ್ಪುತ್ತದೆ.

ಒಂದು ಗಂಟೆಯನ್ನು ಹಂಚಿಕೊಳ್ಳಿ

ಮೊದಲ ಹತ್ತು ನಿಮಿಷ ಕಳೆದ ವಾರದ ಪುಟ ಓದಿ. ಯಾರು ಏನು ಮಾಡುತ್ತೇನೆಂದಿದ್ದರು, ಆಯಿತೇ, ಆಗಲಿಲ್ಲವೇ? "ಆಯಿತು" ಅಥವಾ "ಆಗಿಲ್ಲ" ಎಂದಷ್ಟೇ ಹೇಳಲಿ, ಕಾರಣಗಳ ಕಥೆ ಆಮೇಲೆ. ಅಮೆಜಾನ್ ಕಂಪೆನಿಯಲ್ಲಿ 2004ರಿಂದ ಹಿರಿಯ ಅಧಿಕಾರಿಗಳ ಸಭೆಯನ್ನು ಎಲ್ಲರೂ ಮೌನವಾಗಿ ಒಂದು ಬರಹ ಓದಿ ಆರಂಭಿಸುವ ರೂಢಿ ಬಂತು. ಬರೆದದ್ದು ಕಣ್ಣೆದುರು ಇದ್ದರೆ "ನಾನು ಹಾಗೆ ಹೇಳಿರಲಿಲ್ಲ" ಎನ್ನಲಾಗುವುದಿಲ್ಲ.

ಮುಂದಿನ ಹದಿನೈದು ನಿಮಿಷ ಅಂಕಿಗಳಿಗೆ. ಐದು ಅಂಕಿ ಸಾಕು. ಈ ವಾರ ಮಾರಿದ್ದೆಷ್ಟು, ಕೈಗೆ ಬಂದ ನಗದೆಷ್ಟು, ಹೊರಗಿರುವ ಬಾಕಿ ಎಷ್ಟು, ನಾವು ಕೊಡಬೇಕಾದದ್ದೆಷ್ಟು, ಉಳಿದಿರುವ ಸರಕೆಷ್ಟು. ಫೋನ್‌ಪೇ, ಗೂಗಲ್‌ಪೇ ಮೂಲಕ ಬಂದ ಹಣವನ್ನೂ ಸೇರಿಸಿ. ಈಗ ಅರ್ಧ ವ್ಯಾಪಾರ ಯಾರದೋ ಒಬ್ಬರ ಮೊಬೈಲಿನಲ್ಲಿ ನಡೆಯುತ್ತದೆ, ಉಳಿದವರಿಗೆ ಅದು ಕಾಣುವುದೇ ಇಲ್ಲ.

ಆಮೇಲಿನ ಅರ್ಧ ಗಂಟೆ ಒಂದೋ ಎರಡೋ ಸಮಸ್ಯೆಗೆ. ಹತ್ತು ವಿಷಯ ಎತ್ತಿಕೊಂಡರೆ ಒಂದೂ ಮುಗಿಯುವುದಿಲ್ಲ. ಕೊನೆಯ ಐದು ನಿಮಿಷದಲ್ಲಿ ತೀರ್ಮಾನಗಳನ್ನು ಗಟ್ಟಿಯಾಗಿ ಓದಿ ಬರೆದುಕೊಳ್ಳಿ. ಪ್ರತಿ ತೀರ್ಮಾನದ ಮುಂದೆ ಮೂರು ಮಾತಿರಲಿ: ಏನು ಕೆಲಸ, ಯಾರು ಮಾಡುತ್ತಾರೆ, ಯಾವ ದಿನದೊಳಗೆ. "ನೋಡೋಣ", "ಮಾಡೋಣ" ಎಂಬುದನ್ನು ತೀರ್ಮಾನವೆಂದು ಬರೆಯಬೇಡಿ.

ಒಂದು ಲೆಕ್ಕ ನೋಡಿ

ಒಂದು ಮನೆಯನ್ನು ಊಹಿಸಿಕೊಳ್ಳಿ. ಅಣ್ಣ ದಾವಣಗೆರೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಾರೆ, ತಮ್ಮ ಹರಿಹರದಲ್ಲಿ ಅಂಗಡಿ. ಅಣ್ಣನ ಹೆಂಡತಿ ಲೆಕ್ಕ ಬರೆಯುತ್ತಾರೆ. ಹರಿಹರದ ಒಂದು ಹೋಟೆಲಿಗೆ ವಾರಕ್ಕೆ 8,000 ರೂಪಾಯಿಯ ಸರಕು ಉದ್ರಿ ಹೋಗುತ್ತದೆ, ವಾರಕ್ಕೆ 3,000 ಮಾತ್ರ ಮರಳುತ್ತದೆ. ಹಳೆಯ ಬಾಕಿ 15,000 ಇತ್ತು. ನಾಲ್ಕು ವಾರದಲ್ಲಿ ಅದು 35,000 ಆಗುತ್ತದೆ. ತಮ್ಮನಿಗೆ ವ್ಯಾಪಾರ ಚೆನ್ನಾಗಿ ನಡೆದಂತೆ ಕಾಣುತ್ತದೆ, ಏಕೆಂದರೆ ಸರಕು ಖಾಲಿಯಾಗುತ್ತಿದೆ. ಅಣ್ಣನಿಗೆ ಭತ್ತ ಕೊಳ್ಳಲು ಹಣ ಸಾಲದಾಗುತ್ತದೆ. ಇಬ್ಬರೂ ತಮ್ಮ ತಮ್ಮ ಕಡೆಯಿಂದ ಸರಿ.

ಸಭೆ ಇಲ್ಲದ ಮನೆಯಲ್ಲಿ ಇದು ಹೇಗೆ ಹೊರಬರುತ್ತದೆ? "ನನ್ನ ಬೆವರಿನ ದುಡ್ಡು ಎಲ್ಲಿ ಹೋಯ್ತು?" ಎಂದು ಅಣ್ಣ ಸಿಡಿಯುತ್ತಾರೆ. "ನನ್ನ ಮೇಲೆ ಅನುಮಾನವೇ ಭಾಯಿ?" ಎಂದು ತಮ್ಮ ಎದ್ದು ಹೋಗುತ್ತಾನೆ.

ಸಭೆ ಇರುವ ಮನೆಯಲ್ಲಿ ಎರಡನೆಯ ವಾರವೇ ಪುಸ್ತಕ ಹೇಳುತ್ತದೆ. ಭಾಬಿ ಪುಟ ತಿರುವಿ, "ಭಯ್ಯಾ, ಆ ಹೋಟೆಲಿನ ಬಾಕಿ ಹೋದ ವಾರ ಇಪ್ಪತ್ತು ಸಾವಿರ ಇತ್ತು, ಈಗ ಇಪ್ಪತ್ತೈದು ಆಗಿದೆ" ಎನ್ನುತ್ತಾರೆ. "ಹೌದು ಭಾಬಿ, ಹಳೆಯ ಗಿರಾಕಿ, ಒಮ್ಮೆಲೇ ನಿಲ್ಲಿಸಿದರೆ ಮುನಿಸಿಕೊಳ್ತಾರೆ" ಎಂದು ಅವನು ತನ್ನ ಕಷ್ಟ ಹೇಳುತ್ತಾನೆ. ಆಗ ದಾರಿ ಹುಡುಕಬಹುದು. ಹೊಸ ಸರಕಿಗೆ ನಗದು, ಹಳೆಯ ಬಾಕಿಗೆ ವಾರಕ್ಕಿಷ್ಟು ಕಂತು, ತಮ್ಮ ಸೋಮವಾರದೊಳಗೆ ಮಾತಾಡಿ ಬರುವುದು. ಅಲ್ಲಿಗೆ ಯಾರೂ ಯಾರನ್ನೂ ಕಳ್ಳನೆನ್ನಬೇಕಾಗಲಿಲ್ಲ.

ಸಭೆ ಕೆಡುವುದು ಹೇಗೆ?

ಹಿರಿಯರು ಮೊದಲು ಮಾತಾಡಿದರೆ ಸಭೆ ಕೆಡುತ್ತದೆ. ಅಬ್ಬಾ ಒಮ್ಮೆ "ನನಗೆ ಇದು ಸರಿ ಕಾಣುವುದಿಲ್ಲ" ಎಂದರೆ ಮಗ, ಸೊಸೆ, ತಮ್ಮ ಎಲ್ಲರೂ ಅದಬಿಗೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಕಿರಿಯರಿಂದ ಆರಂಭಿಸಿ, ಹಿರಿಯರು ಕೊನೆಗೆ ಹೇಳಲಿ. ಅವರ ಮರ್ಯಾದೆಗೆ ಇದರಿಂದ ಕುಂದಿಲ್ಲ. ಎಲ್ಲರ ಮಾತು ಕೇಳಿ ತೀರ್ಮಾನ ಕೊಡುವವರಿಗೇ ಹೆಚ್ಚು ಗೌರವ.

ಒಬ್ಬರ ತಪ್ಪನ್ನು ಎಲ್ಲರೆದುರು ಎತ್ತಿ ಬೈದರೂ ಸಭೆ ಕೆಡುತ್ತದೆ. ಹಾಗೆ ಬೈಸಿಕೊಂಡವರು ಮುಂದಿನ ವಾರ ಕೆಟ್ಟ ಸುದ್ದಿಯನ್ನು ಮುಚ್ಚಿಡುತ್ತಾರೆ. ಬೈಯುವುದಿದ್ದರೆ ಆಮೇಲೆ, ಒಬ್ಬರೇ ಇದ್ದಾಗ. ಸಂಸಾರದ ಹಳೆಯ ಲೆಕ್ಕಗಳನ್ನು, ಯಾರ ಮದುವೆಗೆ ಎಷ್ಟು ಖರ್ಚಾಯಿತು ಎಂಬಂಥವನ್ನು, ಆ ಹೊತ್ತಿಗೆ ಹೊರಗಿಡಿ. ಫೋನುಗಳು ಕಪಾಟಿನ ಮೇಲಿರಲಿ. ಚಹಾ ಮೊದಲೇ ಮಾಡಿಟ್ಟುಕೊಳ್ಳಿ; ಇಲ್ಲದಿದ್ದರೆ ಮುಖ್ಯ ಮಾತು ಬಂದಾಗಲೆಲ್ಲ ನಿಮ್ಮನ್ನು ಒಲೆಯ ಹತ್ತಿರ ಕಳಿಸುತ್ತಾರೆ.

ಇನ್ನೊಂದು ಮಾತು. ಸಭೆಯಲ್ಲಿ ಎಷ್ಟು ಬೇಕಾದರೂ ವಾದಿಸಿ, ಹೊರಗೆ ಬಂದ ಮೇಲೆ ಎಲ್ಲರದೂ ಒಂದೇ ಮಾತಿರಲಿ. "ನಾನು ಬೇಡವೆಂದಿದ್ದೆ, ಅವರು ಕೇಳಲಿಲ್ಲ" ಎಂದು ತವರಿನಲ್ಲೋ ನೆರೆಮನೆಯಲ್ಲೋ ಹೇಳಿದರೆ ಮುಂದಿನ ಸಭೆಗೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ತೀರ್ಮಾನ ತಪ್ಪೆಂದು ಕಂಡರೆ ಮುಂದಿನ ಶುಕ್ರವಾರ ಮತ್ತೆ ಎತ್ತಿ.

ಆ ಪುಸ್ತಕ ಯಾವಾಗ ಬೇಕಾಗುತ್ತದೆ?

ಮನಸ್ಸಿಗೆ ಹಿತವಲ್ಲದ ಒಂದು ಮಾತನ್ನೂ ಹೇಳಬೇಕು. ವ್ಯಾಪಾರ ನಡೆಸುವವರು ಒಂದು ದಿನ ಇಲ್ಲವಾದರೆ? ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಹೆಣ್ಣು ಮನೆಯಲ್ಲಿರುತ್ತಾಳೆ. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಯಾವ ಬ್ಯಾಂಕಿನಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿರುವುದಿಲ್ಲ. ಕೊಡಬೇಕಾದವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಬರಬೇಕಾದವರು ಮಾತ್ರ ಬಾಗಿಲಿಗೆ ಬರುತ್ತಾರೆ. ಸಾಲ ತೀರಿಸದೆ ವಾರಸುದಾರರಿಗೆ ಆಸ್ತಿ ಹಂಚುವಂತೆಯೂ ಇಲ್ಲ. ಆದರೆ ಯಾವುದು ನಿಜವಾದ ಸಾಲ, ಯಾವುದು ಸುಳ್ಳು ಎಂದು ತಿಳಿಯುವುದು ಹೇಗೆ?

ಕಾನೂನಿನ ಗಡಿಯಾರವೂ ಓಡುತ್ತಿರುತ್ತದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಉದ್ರಿ, ಕೈಸಾಲದಂಥ ಬಾಕಿಗಳಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಮಾತ್ರ ಅವಕಾಶ. ಆ ಅವಧಿಯೊಳಗೆ ಬಾಕಿದಾರರು ಬಾಕಿಯನ್ನು ಒಪ್ಪಿ ಬರೆದು ಸಹಿ ಹಾಕಿದರೆ ಅಲ್ಲಿಂದ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಹಾಗಾಗಿ ಹಳೆಯ ಬಾಕಿಗಳ ಪಟ್ಟಿಯನ್ನು ಆಗಾಗ ಸಭೆಯಲ್ಲಿ ಓದಿ, ಸಹಿ ತರಬೇಕಾದವರಿಂದ ತನ್ನಿ. ಪಾಲುದಾರಿಕೆ ಸಂಸ್ಥೆಯಾದರೆ ಇನ್ನೊಂದು ಎಚ್ಚರ ಬೇಕು. ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ ಒಬ್ಬ ಪಾಲುದಾರರು ತೀರಿಕೊಂಡ ಕೂಡಲೇ ಸಂಸ್ಥೆಯೇ ವಿಸರ್ಜನೆಯಾಗುತ್ತದೆಂದು 42ನೇ ಕಲಮು ಹೇಳುತ್ತದೆ. ನಿಮ್ಮ ಪತ್ರದಲ್ಲಿ ಏನಿದೆ? ಒಂದು ಶುಕ್ರವಾರ ಅದನ್ನೇ ವಿಷಯವಾಗಿಟ್ಟುಕೊಂಡು ಎಲ್ಲರೂ ಸೇರಿ ಓದಿ, ತಿಳಿಯದಿದ್ದರೆ ವಕೀಲರನ್ನು ಕೇಳಿ.

ವಾರವಾರವೂ ಕೂತ ಮನೆಯಲ್ಲಿ ಇದೆಲ್ಲ ಪುಸ್ತಕದಲ್ಲಿ ಇರುತ್ತದೆ. ಗಂಡ ಮಧುಮೇಹದಿಂದಲೋ ಅಪಘಾತದಿಂದಲೋ ಆಸ್ಪತ್ರೆ ಸೇರಿ ತಿಂಗಳು ಮಲಗಿದರೂ ಭಟ್ಟಿಯ ಒಲೆ ಆರದು. ಯಾರಿಗೆ ಫೋನು ಮಾಡಬೇಕು, ಏನು ಹೇಳಬೇಕು ಎಂದು ನಿಮಗೆ ಗೊತ್ತಿರುತ್ತದೆ.

ಮನೆಯವರು ಒಪ್ಪದಿದ್ದರೆ?

"ನಮ್ಮದೇನು ಕಂಪೆನಿಯೇ?" ಎಂದು ನಗುವವರಿರುತ್ತಾರೆ. ಅವರೊಡನೆ ಹಕ್ಕಿನ ಮಾತಿನಿಂದ ಆರಂಭಿಸಬೇಡಿ, ಉಪಯೋಗದ ಮಾತಿನಿಂದ ಆರಂಭಿಸಿ. "ವಾರದ ಲೆಕ್ಕ ನಾನು ಬರೆದುಕೊಡುತ್ತೇನೆ, ಶುಕ್ರವಾರ ಅರ್ಧ ಗಂಟೆ ಕೂತರೆ ಸಾಕು" ಎನ್ನಿ. ಮೊದಲು ನೀವಿಬ್ಬರೇ ಕೂರಿ. ಮೂರ್ನಾಲ್ಕು ವಾರದಲ್ಲಿ ಮರೆತುಹೋಗಿದ್ದ ಒಂದು ಬಾಕಿ ವಸೂಲಾದರೆ, ಎರಡು ಬಾರಿ ಪಾವತಿಸಲಿದ್ದ ಒಂದು ಬಿಲ್ಲು ಸಿಕ್ಕಿಬಿದ್ದರೆ, ಸಭೆಯ ಬೆಲೆ ಅವರಿಗೇ ತಿಳಿಯುತ್ತದೆ. ಆಮೇಲೆ ತಮ್ಮನನ್ನೂ ಮಗನನ್ನೂ ಅವರೇ ಕರೆಯುತ್ತಾರೆ. ಓದಿದ ಮಗಳು ಮನೆಯಲ್ಲಿದ್ದರೆ ಅವಳಿಗೆ ನಡಾವಳಿ ಬರೆಯುವ ಕೆಲಸ ಕೊಡಿ. ವ್ಯಾಪಾರವೆಂದರೆ ಏನೆಂದು ಅವಳು ಅಲ್ಲೇ ಕಲಿಯುತ್ತಾಳೆ.

ಈ ವಾರ ಇನ್ನೂರು ಪುಟದ ಒಂದು ನೋಟ್‌ಬುಕ್ ತರಿಸಿ. ಮೊದಲ ಪುಟದಲ್ಲಿ ತಾರೀಖು, ಕೂತವರ ಹೆಸರು, ಆ ಐದು ಅಂಕಿಗಳು ಇರಲಿ. ಎಲ್ಲ ಅಂಕಿಗಳೂ ಮೊದಲ ವಾರವೇ ಸಿಗುವುದಿಲ್ಲ. ಸಿಗದ ಕಡೆ ಜಾಗ ಬಿಟ್ಟು, ಅದನ್ನು ಯಾರು ತಂದುಕೊಡುತ್ತಾರೆಂದು ಮುಂದೆ ಬರೆಯಿರಿ. ನಿಮ್ಮ ಮೊದಲ ತೀರ್ಮಾನ ಅದೇ ಆಗಲಿ.